ಕೊಟ್ಟ ಮನೆಯಿಂದ ಧಾರೆ

ಅರಕೆರೆ
24 ನವೆಂಬರ್ 2024

ಚಿರಂಜೀವಿ ರಂಜಿತಳಿಗೆ,

ಅರಕೆರೆಯಿಂದ ಪುಟ್ಟಗೌರಮ್ಮ ಬರೆಯುತ್ತಿದ್ದೇನೆ. ಕೈಬರಹ ನೋಡಿದ ಕೂಡಲೇ ಹರಿದು ಹಾಕಬೇಡ. ಕೋರ್ಟಿನಲ್ಲಿ ನಿನಗೂ ಲೋಕೇಶನಿಗೂ ಬಿಡುಗಡೆ ಆದ ಮೇಲೆ ನೀನು ನಮ್ಮ ಮನೆಯ ಯಾರ ಫೋನನ್ನೂ ಎತ್ತುತ್ತಿಲ್ಲ. ತಪ್ಪು ಅನ್ನುತ್ತಿಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಫೋನನ್ನೇ ಕಾಲುವೆಗೆ ಎಸೆಯುತ್ತಿದ್ದೆ. ಅದಕ್ಕೇ ಈ ಕಾಗದ. ಅಂಗನವಾಡಿಯಲ್ಲಿ ವರದಿ ಬರೆದೂ ಬರೆದೂ ಪಳಗಿದ ಕೈ, ನಿವೃತ್ತಿ ಆದ ಮೇಲೆ ಸುಮ್ಮನೆ ಕೂರುವುದಿಲ್ಲ.

ವಿಷಯ ಇಷ್ಟೇ. ಹೋದ ವಾರ ಲೋಕೇಶನಿಗೆ ಮತ್ತೆ ಮದುವೆ ಆಯಿತು. ಬೇರೆ ಯಾರ ಬಾಯಿಂದಲೋ ಕೇಳುವ ಬದಲು ಅವನ ತಾಯಿಯಿಂದಲೇ ನಿನಗೆ ತಿಳಿಯಲಿ ಎಂದು ಬರೆದೆ. ಹುಡುಗಿ ನಾಗಮಂಗಲದ ಕಡೆಯವಳು, ಹೇಮಶ್ರೀ ಅಂತ ಹೆಸರು. ಅವಳಿಗೆ ಇದು ಮೊದಲನೆಯ ಮದುವೆ. ಕಲ್ಯಾಣ ಮಂಟಪ, ವಾಲಗ, ಆಳೆತ್ತರದ ಫ್ಲೆಕ್ಸು, ಯಾವುದಕ್ಕೂ ಕೊರತೆ ಇರಲಿಲ್ಲ. "ಗಂಡಿಗೇನು ಬುಡಿ, ಎಲ್ಡ್ನೇದಾದ್ರೂ ಇಂಗೇ ಜೋರಾಗ್ ಆಯ್ತದೆ" ಅಂತ ಊಟದ ಸಾಲಿನಲ್ಲಿ ಯಾರೋ ಅಂದರು. ನಾನು ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಮಗನ ಮೇಲೆ ಸಿಟ್ಟಲ್ಲ. ನೀವಿಬ್ಬರೂ ಹೊಡೆದಾಡಿ ದೂರವಾದವರಲ್ಲ, ಮಾತು ಬತ್ತಿ ದೂರವಾದವರು. ಯಾರನ್ನು ಬೈಯಬೇಕೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆದರೆ ಅವನಿಗೆ ವರ್ಷ ತುಂಬುವ ಮೊದಲೇ ಚಪ್ಪರ, ನಿನಗೆ ಕೆ.ಆರ್. ಪೇಟೆಯಲ್ಲಿ ಬಾಡಿಗೆ ರೂಮು.

ಅವರಿಬ್ಬರೂ ನಾಗಮಂಗಲದಲ್ಲೇ ಮನೆ ಮಾಡಿದ್ದಾರೆ. ಲೋಕೇಶನ ಟ್ರಾಕ್ಟರ್ ಷೋರೂಮಿನ ಕೆಲಸ ಅಲ್ಲೇ ಅಲ್ಲವೇ. ಇಲ್ಲಿ ನಿನ್ನ ಮಾವನಿಗೂ ಅವರ ಅಕ್ಕ ಮಂಚಮ್ಮನಿಗೂ ಹಸುವಿನ ಹಿಂಡಿ ವಿಷಯಕ್ಕೆ ದಿನಾ ಜಗಳ, ನನಗೆ ದಿನಾ ಪಂಚಾಯ್ತಿ. ನಿನಗೆ ಬರೆಯುತ್ತೇನೆ ಎಂದಾಗ ನಿನ್ನ ಮಾವ, "ನಮ್ಮುಡ್ಗಿ ಚೆನ್ನಾಗವ್ಳಾ ಕೇಳು" ಅಂದು ಹಸು ಬಿಚ್ಚಲು ಹೋದರು.

ಚೆನ್ನಾಗಿದ್ದೀಯಾ?

ಉತ್ತರ ಬರದಿದ್ದರೂ ಸಿಟ್ಟು ಮಾಡಿಕೊಳ್ಳದ,
ಪುಟ್ಟಗೌರಮ್ಮ


ಕೆ.ಆರ್. ಪೇಟೆ
20 ಡಿಸೆಂಬರ್ 2024

ಅಮ್ಮನವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿ ಬಹಳ ದಿನವಾಯಿತು. ಏನೆಂದು ಕರೆದು ಬರೆಯಬೇಕೆಂದು ತಿಳಿಯದೆ ತಡವಾಯಿತು.

ಮದುವೆಯ ವಿಷಯ ನನಗೆ ಆ ದಿನವೇ ಗೊತ್ತಾಗಿತ್ತು. ಯಾರೋ ಫೋಟೋ ಕಳಿಸಿದ್ದರು. ಅವುಗಳಲ್ಲಿ ನಾನು ಹುಡುಕಿದ್ದು ನಿಮ್ಮನ್ನು. ಒಂದರಲ್ಲೂ ಇರಲಿಲ್ಲ. ಅವರಿಬ್ಬರೂ ಚೆನ್ನಾಗಿರಲಿ. ಬಾಯಿಮಾತಿಗೆ ಅನ್ನುತ್ತಿಲ್ಲ.

ನಾನು ಚೆನ್ನಾಗಿದ್ದೇನೆ ಎಂದು ಮಾವನವರಿಗೆ ಹೇಳಿ. ಶಾಲೆಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಭಾನುವಾರ ಶೀಳನೆರೆಗೆ ಹೋಗಿ ಅಪ್ಪನಿಗೆ ಸಾರು ಮಾಡಿಟ್ಟು ಬರುತ್ತೇನೆ. ಅಮ್ಮ ಹೋದ ಮೇಲೆ ಅಪ್ಪನಿಗೆ ಮಾತು ಇನ್ನೂ ಕಡಿಮೆಯಾಗಿದೆ. ನನ್ನ ಕಂಡರೆ ಬಸ್ಸು ಸಿಕ್ಕಿತಾ ಅನ್ನುತ್ತಾರೆ, ಹೊರಟರೆ ಬಸ್ಸು ಸಿಗುತ್ತದಾ ಅನ್ನುತ್ತಾರೆ.

ನೀವು ಬರೆಯುವುದಾದರೆ ಬರೆಯಿರಿ. ಫೋನು ಮಾತ್ರ ಬೇಡ. ನಿಮ್ಮ ದನಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ.

ಇತಿ,
ರಂಜಿತ


ಅರಕೆರೆ
16 ಜನವರಿ 2025

ರಂಜಿತಾ,

ಅಮ್ಮನವರಿಗೆ ಎಂದು ಬರೆದಿದ್ದೀಯಲ್ಲ, ನಾನೇನು ಊರಬಾಗಿಲ ಮಾರಮ್ಮನೇ, ನಿನ್ನಿಂದ ಹರಕೆ ಒಪ್ಪಿಸಿಕೊಳ್ಳಲು? ಅತ್ತೆ ಎಂದು ಬರೆಯಲು ಯಾವ ಕಾನೂನು ಅಡ್ಡ ಬಂತು? ಜಡ್ಜು ಬಿಡಿಸಿದ್ದು ಗಂಡ ಹೆಂಡಿರನ್ನು. ನಮ್ಮಿಬ್ಬರ ಮೇಲೆ ಯಾರೂ ಕೇಸು ಹಾಕಿರಲಿಲ್ಲ.

ಫೋಟೋದಲ್ಲಿ ನಾನು ಯಾಕಿಲ್ಲ ಅಂದರೆ, ಧಾರೆ ಮುಗಿದ ಕೂಡಲೇ ತಾಂಬೂಲದ ತೆಂಗಿನಕಾಯಿ ನೋಡುವ ನೆಪ ಮಾಡಿ ಮಂಟಪದ ಉಗ್ರಾಣಕ್ಕೆ ಹೋಗಿ ಕೂತಿದ್ದೆ. ಅಲ್ಲಿ ಒಂದಷ್ಟು ಕಣ್ಣೀರು ಹಾಕಿ, ಮುಖ ತೊಳೆದು ಬಂದು ಬೀಗರಿಗೆ ಬಡಿಸಿದೆ. ಹೇಮಶ್ರೀ ಒಳ್ಳೆಯ ಹುಡುಗಿ. ಅವಳ ತಪ್ಪೇನೂ ಇಲ್ಲ.

ಸಂಕ್ರಾಂತಿಯ ಎಳ್ಳು ಬೆಲ್ಲ ಇದರ ಜತೆ ಕಳಿಸಿದ್ದೇನೆ. ಕೊಬ್ಬರಿ ಹೆಚ್ಚಿದ್ದು ಮಂಚಮ್ಮ, ಅದಕ್ಕೇ ಅಷ್ಟು ದಪ್ಪ ಚೂರು. ಕಬ್ಬಿನ ಜಲ್ಲೆಯನ್ನೂ ಕಳಿಸು ಅಂತ ನಿನ್ನ ಮಾವ ಹಟ ಹಿಡಿದಿದ್ದರು. ಅಂಚೆ ಆಫೀಸಿನವರು ನಗುತ್ತಾರೆ ಅಂದರೂ ಕೇಳಲಿಲ್ಲ. ಕೊನೆಗೆ ನಾನೇ ಮುರಿದು ಮಕ್ಕಳಿಗೆ ಕೊಟ್ಟೆ.

ಇನ್ನೊಂದು ಮಾತು. ನೀನು ಮತ್ತೆ ಮದುವೆಯ ಯೋಚನೆ ಮಾಡಿದ್ದೀಯಾ? ಇದನ್ನು ಕೇಳಲು ನಾನು ಯಾರು ಅಂತ ಅನ್ನಿಸಬಹುದು. ನಿನ್ನಮ್ಮ ಇದ್ದಿದ್ದರೆ ಕೇಳುತ್ತಿದ್ದರು. ಅವರಿಲ್ಲ, ನಾನಿದ್ದೇನೆ, ಕೇಳುತ್ತಿದ್ದೇನೆ.

ನಿನ್ನ ಅತ್ತೆ,
ಪುಟ್ಟಗೌರಮ್ಮ


ಕೆ.ಆರ್. ಪೇಟೆ
9 ಮಾರ್ಚ್ 2025

ಅತ್ತೆಗೆ ನಮಸ್ಕಾರಗಳು.

ನೀವು ಕೇಳಿದ್ದಕ್ಕೆ ಉತ್ತರ ಹೇಳುವಂತಾಗುವವರೆಗೆ ಕಾದೆ. ಈಗ ಹೇಳುತ್ತೇನೆ.

ನನ್ನ ಜತೆ ಪಾಠ ಮಾಡುವ ರಮ್ಯ ನನ್ನನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ್ದಳು. ನಮ್ಮ ಕಡೆಯ ಎರಡನೇ ಮದುವೆಯವರದೇ ಗುಂಪು. ಬೆಳಗಾದರೆ ರಾಶಿ ಬಯೋಡೇಟಾ. ಇಷ್ಟು ಜನ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಗಂಡಸರದರಲ್ಲಿ "ಮೊದಲನೇ ಮದುವೆಯ ಹೆಣ್ಣಿಗೆ ಆದ್ಯತೆ" ಎಂದಿರುತ್ತದೆ. ಹೆಂಗಸರದರಲ್ಲಿ "ತಪ್ಪು ಹುಡುಗನ ಕಡೆಯದು" ಎಂದಿರುತ್ತದೆ. ನಾನು ತಪ್ಪು ಯಾರದೆಂದು ಬರೆಯಲಿಲ್ಲ. ಅದಕ್ಕೋ ಏನೋ ಬಹಳ ಮಂದಿ ಫೋನು ಮಾಡಲಿಲ್ಲ.

ಮಾಡಿದವರಲ್ಲಿ ಒಬ್ಬರು ಪಾಂಡವಪುರದವರು, ಅಶೋಕ್ ಅಂತ. ಪಂಪ್‌ಸೆಟ್ ಅಂಗಡಿ ಇದೆ. ಅವರಿಗೂ ಬಿಡುಗಡೆ ಆಗಿದೆ. ಇಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲಿನಲ್ಲಿ ಕೂತು ಮಾತಾಡಿದೆವು. ಬೇರೆಯವರೆಲ್ಲ ಯಾಕೆ ಬಿಟ್ಟಿರಿ ಎಂದು ಕೇಳುತ್ತಿದ್ದರು. ಇವರು, "ಆ ಮನೇಲಿ ನಿಮ್ಗೆ ಇಷ್ಟ ಆಗಿದ್ದೇನು?" ಅಂದರು. ನಾನು ಯೋಚಿಸದೆ "ನಮ್ಮತ್ತೆ" ಅಂದುಬಿಟ್ಟೆ. ಅವರು ನಕ್ಕು, "ಅಂಗಾದ್ರೆ ಅವ್ರನ್ನ ಒಂದ್ಸಲ ನೋಡ್ಬೇಕಲ್ಲ" ಎಂದು ಇನ್ನೆರಡು ಕಾಫಿ ಹೇಳಿದರು. ನನಗೆ ಅವರು ಇಷ್ಟವಾದರು ಅತ್ತೆ. ಒಪ್ಪಿಕೊಂಡಿದ್ದೇನೆ.

ತೊಡಕು ಬಂದಿರುವುದು ಧಾರೆಯಲ್ಲಿ. ಅಶೋಕ್ ಅವರ ತಾಯಿ ಪ್ರಮೀಳಾ ಅವರದು ಒಂದೇ ಹಟ. "ನಾಕು ಜನ ಇದ್ರೂ ಸಾಕು ಕಣವ್ವ, ಅಗ್ಲೊತ್ನಲ್ಲಿ ಧಾರೆ ಆಗ್ಬೇಕು. ಬರೀ ರಿಜಿಸ್ಟ್ರಿಗೆ ಸಯ್ ಆಕ್ಬುಟ್ಟು ಕರ್ಕಂಡ್ ಬಂದ್ರೆ ಕದ್ದು ತಂದಂಗಾಯ್ತದೆ" ಅನ್ನುತ್ತಾರೆ. ಅಪ್ಪನನ್ನು ಕೇಳಿದೆ. ಅಪ್ಪ ಬೇಡ ಅನ್ನಲಿಲ್ಲ. "ಮಾಡ್ಕೊಳವ್ವ, ಚೆನ್ನಾಗಿರು. ಆದ್ರೆ ಒಂದ್ ಎಣ್ಗೆ ಎಲ್ಡ್ ಸಲ ಧಾರೆ ಎರ್ಯಕ್ಕೆ ನನ್ ಕೈ ಏಳಲ್ಲ" ಅಂದರು. ಜಗಳಕ್ಕೆ ಬಂದಿದ್ದರೆ ನಾನೂ ಜಗಳ ಆಡುತ್ತಿದ್ದೆ. ಅವರು ಎಲೆ ಮುಂದೆ ತಲೆ ತಗ್ಗಿಸಿ ಕೂತಿದ್ದರು.

ಧಾರೆ ಇಲ್ಲದಿದ್ದರೇನು ಎಂದು ರಮ್ಯನ ಮುಂದೆ ಜಂಬ ಹೇಳುತ್ತೇನೆ. ನಿಮ್ಮ ಮುಂದೆ ಸುಳ್ಳು ಹೇಳಲಾರೆ. ಯಾರಾದರೂ ನನ್ನ ಪಕ್ಕದಲ್ಲಿ ನಿಂತು "ಇವಳು ನಮ್ಮ ಮಗಳು, ನಿಮಗೆ ಕೊಡುತ್ತಿದ್ದೇವೆ" ಅನ್ನಬೇಕೆಂದು ಬಹಳ ಆಸೆಯಾಗುತ್ತದೆ. ಮೂವತ್ತು ದಾಟಿದವಳಿಗೆ ಇದು ಹುಡುಗಾಟವೇ?

ರಂಜಿತ


ಅರಕೆರೆ
23 ಮಾರ್ಚ್ 2025

ರಂಜಿತಾ,

ಹುಡುಗಾಟ ಅಲ್ಲ ಕಣೇ. ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಒಲೆ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಆ ಅಶೋಕನಿಗೆ ಬುದ್ಧಿ ಇದೆ, ಕಾಫಿ ಕುಡಿಯುವಾಗಲೇ ನನ್ನನ್ನು ಬುಟ್ಟಿಗೆ ಹಾಕಿಕೊಂಡ.

ಸಂತೋಷಪಟ್ಟೆ, ಆಮೇಲೆ ದುಃಖಪಟ್ಟೆ. ಎರಡನ್ನೂ ಮುಚ್ಚಿಡುವುದಿಲ್ಲ. ನೀನು ಇನ್ನೊಂದು ಮನೆಯ ಸೊಸೆ ಆಗುತ್ತೀಯ, ಇನ್ನು ನನಗೆ ಬರೆಯಲು ನಿನಗೆ ಯಾವ ಕಾರಣ ಇರುತ್ತದೆ ಎಂದು ಒಂದು ಗಳಿಗೆ ಅನ್ನಿಸಿತು. ಅದು ನನ್ನ ಸ್ವಾರ್ಥ, ಪಕ್ಕಕ್ಕಿಡು.

ಊಟಕ್ಕೆ ಕೂತಾಗ ನಿನ್ನ ಮಾವನಿಗೆ ನೇರವಾಗಿ ಹೇಳಿದೆ. ಅವಳಪ್ಪ ಎರೆಯಲ್ಲವಂತೆ, ನಾವಿಬ್ಬರೂ ನಿಂತು ಧಾರೆ ಎರೆದುಕೊಡೋಣ ಅಂದೆ. ನನ್ನೊಬ್ಬಳಿಂದ ಆಗುವುದಾದರೆ ಅವರನ್ನು ಕೇಳುತ್ತಲೂ ಇರಲಿಲ್ಲ, ಆದರೆ ಹೆಂಗಸು ಒಬ್ಬಳೇ ಧಾರೆ ಎರೆಯಲು ಪುರೋಹಿತರು ಒಪ್ಪಬೇಕಲ್ಲ. ಅವರು ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. "ನಿಂಗೇನ್ ತಲೆ ಕೆಟ್ಟದಾ? ಸೊಸೆ ಆಗಿದ್ದೋಳ್ನ ನಾವೇ ಕೊಡಾದಾ?" ಅಂದರು. ಆಮೇಲೆ ದನಿ ಇಳಿಸಿ, "ನಾನ್ ಧಾರೆ ಎರುದ್ರೆ ಆ ಕೂಸು ಈ ಮನೆ ಬುಟ್ಟೋಯ್ತು ಅಂತ ನಾನೇ ಒಪ್ಕಂಡಂಗಾಯ್ತದೆ" ಅಂದರು. ಕೋರ್ಟಿನ ಕಾಗದ ಬಂದು ಎಷ್ಟೋ ಕಾಲವಾಯಿತು, ಈ ಮನುಷ್ಯ ಇನ್ನೂ ಒಪ್ಪಿಕೊಂಡಿಲ್ಲ ಎಂದು ನನಗೂ ಗೊತ್ತಿರಲಿಲ್ಲ.

ಆಗ ಮಂಚಮ್ಮ ಬಾಯಿ ಬಿಟ್ಟರು. ಅವರು ಮೊದಲ ಗಂಡ ಬಿಟ್ಟು ಹೋದ ಮೇಲೆ ಇನ್ನೊಬ್ಬರ ಜತೆ ಬಾಳಿ, ಅವರೂ ತೀರಿಕೊಂಡಾಗ ತಮ್ಮನ ಮನೆಗೆ ಬಂದವರು ಎಂದು ನಿನಗೆ ಗೊತ್ತು. ಆ ಎರಡನೆಯದು ಹೇಗಾಯಿತೆಂದು ನಮಗೆ ಯಾರಿಗೂ ಹೇಳಿರಲಿಲ್ಲ. ಆಗ ಅಂಥ ಮದುವೆಗೆ ಕೂಡಿಕೆ ಅನ್ನುತ್ತಿದ್ದರು.

"ಲೇ ಪುಟ್ಸಾಮಿ, ಕೇಳ್ಲಾ ಇಲ್ಲಿ" ಅಂದರು. "ನಂಗೆ ಇತ್ಲಲ್ಲಿ, ಮುಚ್ಚಂಜೇಲಿ, ಒಂದ್ ಸೀರೆ ಕೊಟ್ರು. ಉಟ್ಕಂಡೆ. ಅಷ್ಟೇಯ ಮದ್ವೆ. ಚಪ್ರ ಇಲ್ಲ, ವಾಲ್ಗ ಇಲ್ಲ, ಒಬ್ಳು ಮುತ್ತೈದೆ ಬರ್ನಿಲ್ಲ. ಅಪ್ಪ ತಿರ್ಗೂ ನೋಡ್ನಿಲ್ಲ. ಕೊಡೋರೇ ಇರ್ನಿಲ್ಲ ಕಣ್ಲಾ, ನಾನೇ ನಡ್ಕಂಡೋದೆ. ಆ ಮನುಸ ನನ್ನ ರಾಣಿ ಅಂಗ್ ನೋಡ್ಕಂಡ. ಆದ್ರೂ ಕೊಡೋರಿರ್ನಿಲ್ಲ ಅನ್ನೋದು ಇವತ್ಗೂ ಇಲ್ಲಿ ಕುಟುಕ್ತದೆ." ಎದೆ ಮುಟ್ಟಿ ತೋರಿಸಿದರು.

ನಿನ್ನ ಮಾವ ಕೈ ತೊಳೆದು ಗದ್ದೆ ಕಡೆ ಹೋದರು. ಮಂಚಮ್ಮ ಅವರ ತಟ್ಟೆಯಲ್ಲಿ ಉಳಿದಿದ್ದ ಮುದ್ದೆಯನ್ನು ನಾಯಿಗೆ ಹಾಕಿ, ಅವರ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಂಡರು. ಇಲ್ಲಿಗೆ ನಿಂತಿದೆ. ಆಗುತ್ತದೆ ಎಂದು ಮಾತು ಕೊಡಲಾರೆ. ಬಿಡುತ್ತೇನೆ ಎಂದೂ ಅಂದುಕೊಳ್ಳಬೇಡ.

ಪುಟ್ಟಗೌರಮ್ಮ


ಕೆ.ಆರ್. ಪೇಟೆ
4 ಏಪ್ರಿಲ್ 2025

ಅತ್ತೆ,

ದಯವಿಟ್ಟು ಮಾವನವರನ್ನು ಒತ್ತಾಯ ಮಾಡಬೇಡಿ. ಅವರು ಊಟ ಬಿಟ್ಟು ಎದ್ದರು ಎಂದು ಓದಿ ನನಗೆ ಆ ದಿನ ಪಾಠ ಮಾಡಲಾಗಲಿಲ್ಲ. ಅಶೋಕ್ ಅವರಿಗೆ ಹೇಳಿದ್ದೇನೆ, ರಿಜಿಸ್ಟ್ರಾರ್ ಆಫೀಸಿನಲ್ಲೇ ಆಗಲಿ ಎಂದು. ಅವರ ತಾಯಿಯನ್ನು ನಾನೇ ಒಪ್ಪಿಸುತ್ತೇನೆ.

ಮಂಚಮ್ಮ ದೊಡ್ಡತ್ತೆಗೆ ನನ್ನ ನಮಸ್ಕಾರ ಹೇಳಿ. ಅವರ ಮಾತನ್ನು ಮತ್ತೆ ಮತ್ತೆ ಓದಿದೆ. ನನಗೆ ನಡೆದು ಹೋಗುವುದಕ್ಕೆ ಹಗಲಾದರೂ ಇದೆ, ಸಂಬಳ ಇದೆ, ನೀವು ಇದ್ದೀರಿ. ಅವರಿಗೆ ಏನೂ ಇರಲಿಲ್ಲ. ಅಷ್ಟು ಸಾಕು ನನಗೆ.

ರಂಜಿತ


ಅರಕೆರೆ
20 ಏಪ್ರಿಲ್ 2025

ರಂಜಿತಾ,

ಅಷ್ಟು ಸಾಕು ಅಂತೆ! ಸಾಕೋ ಬೇಕೋ ನಾವು ಹೇಳುತ್ತೇವೆ, ಸುಮ್ಮನಿರು.

ಮೊನ್ನೆ ನಿನ್ನ ಮಾವ ಬೆಳಿಗ್ಗೆಯೇ ಬಿಳಿ ಪಂಚೆ ಉಟ್ಟು ಹೊರಟರು. ಎಲ್ಲಿಗೆ ಅಂದರೆ ಹೇಳಲಿಲ್ಲ. ಹೋಗಿದ್ದು ಶೀಳನೆರೆಗೆ, ನಿನ್ನಪ್ಪನ ಹತ್ತಿರ. ನೀವೇ ನಿಂತು ಧಾರೆ ಎರೆಯಿರಿ, ನಿಮ್ಮ ಮಗಳು ಆಸೆಪಡುತ್ತಿದ್ದಾಳೆ ಎಂದು ಕೇಳಿಕೊಳ್ಳಲು ಹೋಗಿದ್ದರು. ತಿಮ್ಮರಾಜು ಅವರು ಎಳನೀರು ಕೊಟ್ಟರಂತೆ, ಕೂರಿಸಿದರಂತೆ, ಕೊನೆಗೆ ಹೀಗೆ ಅಂದರಂತೆ: "ಬೀಗ್ರೇ, ನಾನ್ ನಿಮ್ಗೆ ಕೊಟ್ಟಾಯ್ತು. ಕೊಟ್ಮೇಲೆ ಅದು ನಿಮ್ದು. ನಮ್ದಲ್ಲದ್ದ ನಾನ್ ಇನ್ನೊಬ್ರಿಗೆ ಎಂಗ್ ಕೊಡ್ಲಿ?"

ಹೆಣ್ಣುಮಗಳೇನು ಪಾತ್ರೆಯೇ, ನಮ್ಮದು ನಿಮ್ಮದು ಅನ್ನಲು ಎಂದು ನನಗೆ ಮೈ ಉರಿಯಿತು. ಆದರೆ ನಿನ್ನ ಮಾವ ಅದೇ ಮಾತನ್ನು ಹಿಡಿದುಕೊಂಡು ಬಸ್ಸಿನಲ್ಲಿ ಕೂತು ಬಂದಿದ್ದಾರೆ. ಒಳಗೆ ಬಂದವರು ಚಪ್ಪಲಿ ಕೂಡ ಬಿಡದೆ, "ನಮ್ದಂತೆ ಕಣೇ. ಅವ್ರೇ ಯೋಳುದ್ರು. ನಮ್ಮುಡ್ಗೀನ ನಾವ್ ಕೊಡಾಕೆ ಯಾರಪ್ಪಣೆ ಬೇಕು? ದಿನ ನೋಡ್ಸು" ಅಂದರು. ಮಂಚಮ್ಮ ಒಳಗಿನಿಂದಲೇ "ಈಗ ಬಂತು ಬುದ್ದಿ" ಅಂದರು. ಆಮೇಲೆ ಬಚ್ಚಲಿಗೆ ಹೋಗಿ ಅಲ್ಲೇ ಬಹಳ ಹೊತ್ತು ಇದ್ದರು.

ಲೋಕೇಶನಿಗೂ ಫೋನು ಮಾಡಿ ಹೇಳಿದೆ, ಕದ್ದು ಮಾಡಿದಂತೆ ಆಗಬಾರದಲ್ಲ. "ಊರೋರು ಏನಾರ ಅಂತಾರೆ ಕಣವ್ವ" ಅಂದ. "ನಿನ್ ಮದ್ವೇಲೂ ಅಂದ್ರು. ನೀನ್ ಕೇಳುಸ್ಕಂಡ್ಯಾ?" ಅಂದೆ. ಫೋನು ಇಡುವ ಮೊದಲು, "ನಾನ್ ಬರಾಕಿಲ್ಲ. ಅವ್ಳ್ಗೆ ಒಳ್ಳೇದಾಗ್ಲಿ ಅಂದೆ ಅಂತ ಯೋಳು" ಅಂದ. ಹೇಳಿದ್ದೇನೆ.

ಮೇ ಹದಿನೆಂಟು, ಭಾನುವಾರ. ಹೇಮಗಿರಿಯಲ್ಲಿ, ಹೊಳೆ ಪಕ್ಕದ ದೇವಸ್ಥಾನದಲ್ಲಿ, ನಡುಮಧ್ಯಾಹ್ನದ ಬೆಳಕಿನಲ್ಲಿ. ಪ್ರಮೀಳಾ ಅವರಿಗೆ ತಿಳಿಸು. ಸೀರೆ ನಾನು ತೆಗೆಯುತ್ತೇನೆ, ನೀನು ಆ ಬೂದಿ ಬಣ್ಣದ್ದೇನಾದರೂ ಆರಿಸೀಯ.

ಪುಟ್ಟಗೌರಮ್ಮ


ಪಾಂಡವಪುರ
27 ಮೇ 2025

ಅತ್ತೆ,

ಬಂದು ಒಂಬತ್ತು ದಿನವಾಯಿತು. ಈ ಮನೆಯಲ್ಲಿ ಎಲ್ಲರೂ ಜೋರಾಗಿ ಮಾತಾಡುತ್ತಾರೆ. ಅಂಗಡಿಯಲ್ಲಿ ಮೋಟಾರು ಸದ್ದಿನ ನಡುವೆ ಮಾತಾಡಿ ಅಭ್ಯಾಸವಂತೆ. ನನಗೆ ಹಿಡಿಸಿದೆ.

ಮಾವನವರ ಮೇಲೆ ಇಲ್ಲಿ ಇನ್ನೂ ನಗು ನಿಂತಿಲ್ಲ. ಹೆಣ್ಣಿನ ಕಡೆಯವರು ಬನ್ನಿ ಎಂದು ಪುರೋಹಿತರು ಕೂಗಿದರೆ ಅವರು ಹೋಗಿ ಗಂಡಿನ ಪಕ್ಕ ನಿಂತುಬಿಟ್ಟರಲ್ಲ. ಹೋದ ಸಲ ನಿಂತಿದ್ದ ಜಾಗ, ಕಾಲು ತಾನಾಗಿ ಅತ್ತ ನಡೆಯಿತು ಪಾಪ. "ಯಜಮಾನ್ರೇ, ಇತ್ಲಾಗಲ್ಲ, ಅತ್ಲಾಗೆ. ಈಗ ನೀವ್ ಎಣ್ಣಿನ್ ಕಡೆ" ಅಂತ ಪ್ರಮೀಳಾ ಅತ್ತೆ ಹೇಳಿದಾಗ ಎಲ್ಲರೂ ನಕ್ಕರು. ಅವರು ನನ್ನ ಪಕ್ಕಕ್ಕೆ ಬಂದು ನಿಂತು ಎರಡೆರಡು ಸಲ ಶಲ್ಯ ಸರಿಮಾಡಿಕೊಂಡದ್ದು ನನಗೆ ಮಾತ್ರ ಕಂಡಿತು. ಮಂಚಮ್ಮ ದೊಡ್ಡತ್ತೆ ಕಳಸ ಹಿಡಿಯಲು ಹಿಂಜರಿದಾಗ ನೀವು ಅವರ ಕೈಗೇ ಅದನ್ನು ಇಟ್ಟಿರಿ. ಅದನ್ನೂ ನೋಡಿದೆ.

ನಿಮಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ಹಾಲು ನೀರು ನಮ್ಮ ಕೈ ಮೇಲಿಂದ ಇಳಿಯುತ್ತಿದ್ದಾಗ ತಲೆ ಎತ್ತಿದೆ. ಅಪ್ಪ ಗೇಟಿನ ಆಚೆ, ನಿಲ್ಲಿಸಿದ್ದ ಟೆಂಪೋ ಮರೆಯಲ್ಲಿ ನಿಂತಿದ್ದರು. ಹೆಗಲ ಮೇಲೆ ಹೊಸ ಟವಲು ಇತ್ತು. ನಾನು ಶಾಸ್ತ್ರ ಮುಗಿಸಿ ಓಡುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಸಂಜೆ ಫೋನು ಮಾಡಿದೆ. "ಊಟ ಚೆನ್ನಾಗಿತ್ತಾ?" ಅಂದರು. "ನೀನ್ ಉಣ್ಲಿಲ್ವಲ್ಲಪ್ಪ" ಅಂದೆ. ಫೋನು ಇಟ್ಟುಬಿಟ್ಟರು. ಆಮೇಲೆ ನಾನು ಎಷ್ಟು ಸಲ ಮಾಡಿದರೂ ಎತ್ತುತ್ತಿಲ್ಲ.

ನನಗೆ ಎಲ್ಲ ಸಿಕ್ಕಿದೆ ಅತ್ತೆ, ಸುಖವಾಗಿದ್ದೇನೆ. ಅಪ್ಪ ಆ ಗೇಟು ದಾಟಲಿಲ್ಲ ಎಂಬುದೊಂದೇ ಊಟಕ್ಕೆ ಕೂತಾಗಲೆಲ್ಲ ಅಡ್ಡ ಬರುತ್ತದೆ.

ರಂಜಿತ


ಅರಕೆರೆ
22 ಜೂನ್ 2025

ರಂಜಿತಾ,

ಗುರುವಾರದಿಂದ ಆಷಾಢ. ಹೊಸ ಸೊಸೆಯೂ ಅತ್ತೆಯೂ ಒಂದೇ ಹೊಸಲು ದಾಟಬಾರದಲ್ಲ, ನಿನ್ನನ್ನು ತವರಿಗೆ ಕರೆತರಬೇಕು. ತವರು ಅಂದರೆ ನಾವೇ ಎಂದುಕೊಂಡು ನಿನ್ನ ಮಾವ ವಾರದಿಂದ ಕುಣಿಯುತ್ತಿದ್ದಾರೆ. ನಡುಮನೆಗೆ ಸುಣ್ಣ ಹೊಡೆಸಿದರು. ನಿನ್ನನ್ನು ಕರೆಯಲು ಬರಲು ಒಂದು ಜತೆ ಬಟ್ಟೆ ಇಸ್ತ್ರಿ ಮಾಡಿಸಿ ಮಡಿಸಿಟ್ಟರು. ಮಂಚಮ್ಮ ನಿನಗೆಂದು ಹುರಿಗಾಳು ಮಾಡಿ ಡಬ್ಬ ತುಂಬಿಸಿದರು.

ನಿನ್ನೆ ಮಧ್ಯಾಹ್ನ ಶ್ರೀರಂಗಪಟ್ಟಣದ ಬಸ್ಸಿನಿಂದ ಒಂದು ಹಲಸಿನ ಹಣ್ಣು ಹೊತ್ತುಕೊಂಡು ನಿನ್ನಪ್ಪ ಇಳಿದರು. ನಾನು ಬಾಗಿಲಲ್ಲೇ ಇದ್ದೆ. ಹಣ್ಣನ್ನು ಜಗಲಿಯ ಮೇಲಿಟ್ಟು ತಾವೂ ಜಗಲಿಯಲ್ಲೇ ಕೂತರು. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಮಜ್ಜಿಗೆ ಕೊಟ್ಟೆ. ನಾಲೆಗೆ ನೀರು ಯಾವಾಗ ಬಿಡುತ್ತಾರೆ ಅಂದರು, ಹಸು ಎಷ್ಟು ಕರೆಯುತ್ತದೆ ಅಂದರು. ನಿನ್ನ ಮಾವನೂ ಅದಕ್ಕೆಲ್ಲ ಉತ್ತರ ಹೇಳಿಕೊಂಡು ಕೂತರು. ಗಂಡಸರು ಮಾತಾಡುವ ಚೆಂದ ನಿನಗೆ ಗೊತ್ತಲ್ಲ.

ಕೊನೆಗೆ ಲೋಟ ಕೆಳಗಿಟ್ಟು, ಎದ್ದು ನಿಂತು, ನಿನ್ನ ಮಾವನಿಗೆ ಕೈ ಮುಗಿದರು. "ಬೀಗ್ರೇ, ಒಂದ್ ಮಾತ್ ಕೇಳಕ್ ಬಂದೆ. ಆಷಾಢಕ್ಕೆ ರಂಜೀನ ಒಂದೀಟ್ ದಿನ ನಮ್ಮನೇಗ್ ಕಳುಸ್ಕೊಡ್ತೀರಾ?"

ನಿನ್ನ ಮಾವ ಗಾಬರಿಯಾಗಿ ಎದ್ದು ಆ ಕೈ ಹಿಡಿದುಕೊಂಡರು. "ನಿಮ್ ಮಗ್ಳುನ್ನ ಕರ್ಯಾಕೆ ನನ್ನ ಯಾಕ್ ಕೇಳ್ತೀರಾ?" ಅಂದರು.

"ಧಾರೆ ಎರ್ದೋರು ನೀವು. ನಿಮ್ಮನ್ನ ಕೇಳ್ದೆ ಯಾವ್ ಮಕ ಇಟ್ಕಂಡ್ ಕರೀಲಿ?" ಅಂದವರೇ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅಳಲು ಶುರು ಮಾಡಿದರು. ಅಷ್ಟು ದೊಡ್ಡ ಮನುಷ್ಯ, ಬೀದಿಯಲ್ಲಿ ಜನ ಓಡಾಡುತ್ತಿದ್ದಾರೆ ಎಂಬುದನ್ನೂ ನೋಡಲಿಲ್ಲ. ನನಗೂ ತಡೆಯಲಾಗಲಿಲ್ಲ. ನಿನ್ನ ಮಾವ ಅವರನ್ನು ತಬ್ಬಿಕೊಂಡು ಒಳಗೆ ಕರೆತಂದರು. ಮಂಚಮ್ಮ ಎಲೆ ಹಾಕಿ ಅನ್ನ ಬಡಿಸಿದರು. ನಿನ್ನಪ್ಪ ಎರಡು ಸಲ ಸಾರು ಹಾಕಿಸಿಕೊಂಡು ಉಂಡರು.

ಅವರು ಹೋದ ಮೇಲೆ ನಿನ್ನ ಮಾವ ಇಸ್ತ್ರಿ ಬಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟರು. ಇಡೀ ತಿಂಗಳು ನೀನು ಇಲ್ಲೇ ಇರಬೇಕೆಂದು ಅವರಿಗೆ ಆಸೆಯಿತ್ತು, ನನಗೂ ಇತ್ತು. ಹುರಿಗಾಳಿನ ಡಬ್ಬ ಕೆಡುವುದಿಲ್ಲ. ಮೊದಲು ಶೀಳನೆರೆಗೆ ಹೋಗು. ನಿನಗೆ ಬೇಕೆನ್ನಿಸುವಷ್ಟು ದಿನ ಇರು, ಆಮೇಲೆ ಇಲ್ಲಿಗೆ ಬಾ.

ಬುಧವಾರ ಬೆಳಿಗ್ಗೆ ನಿನ್ನಪ್ಪ ನಿನ್ನನ್ನು ಕರೆಯಲು ಪಾಂಡವಪುರಕ್ಕೆ ಬರುತ್ತಾರೆ. ಅವರು ಹೊಸಲಿನ ಆಚೆಯೇ ನಿಂತುಬಿಡುತ್ತಾರೆ, ನನಗೆ ಗೊತ್ತು. ಯಾರಾದರೂ ಕರೆಯಲಿ ಎಂದು ಕಾಯಬೇಡ. ನೀನೇ ಹೋಗಿ ಅಪ್ಪನ ಕೈ ಹಿಡಿದು ಒಳಗೆ ಕರೆದುಕೊಂಡು ಬಾ.

ಪುಟ್ಟಗೌರಮ್ಮ